ಮುಟ್ಟು ನಿಂತ ಮೇಲೂ ಬೇಕಾದ ಟೆಸ್ಟ್: ಮನೆಯಲ್ಲೇ ಎಚ್‌ಪಿವಿ ಸ್ಯಾಂಪಲ್ ತೆಗೆಯುವುದು ಹೇಗೆ?

ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಒಮ್ಮೆ ಟೆಸ್ಟ್ ಮಾಡಿಸಿಕೊಳ್ಳಿ ಎಂದರೆ ಅರವತ್ತರ ಆಸುಪಾಸಿನ ಹೆಂಗಸರ ಉತ್ತರ ಹೆಚ್ಚುಕಡಿಮೆ ಒಂದೇ: "ಮುಟ್ಟು ನಿಂತು ಎಷ್ಟು ವರ್ಷ ಆಯ್ತು, ಇನ್ನು ನನಗ್ಯಾಕೆ ಅದೆಲ್ಲ?" ಗಂಡ ತೀರಿಕೊಂಡು ಎಷ್ಟೋ ಕಾಲ ಆದವರಂತೂ ಈ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಟೆಸ್ಟ್ ಬೇಕು ಎಂದು ಒಪ್ಪಿದವರನ್ನೂ ನಾಚಿಕೆ ತಡೆಯುತ್ತದೆ, ಇಲ್ಲವೇ ಹಿಂದೆ ಯಾವಾಗಲೋ ಪರೀಕ್ಷೆಯ ಮಂಚದ ಮೇಲೆ ಆದ ನೋವಿನ ನೆನಪು.

ನಾಚಿಕೆಗೂ ನೋವಿಗೂ ಈಗ ಒಳ್ಳೆಯ ದಾರಿ ಇದೆ. ಸಣ್ಣ ಬ್ರಷ್ ಅಥವಾ ಉದ್ದ ಕಡ್ಡಿಯ ಸ್ವಾಬ್ ಹಿಡಿದು, ನಿಮ್ಮ ಮನೆಯಲ್ಲೇ, ಬಾಗಿಲು ಹಾಕಿಕೊಂಡು ನೀವೇ ಸ್ಯಾಂಪಲ್ ತೆಗೆಯಬಹುದು. ಕೆಲವೇ ನಿಮಿಷದ ಕೆಲಸ. ಆದರೆ ಸ್ಯಾಂಪಲ್ ತೆಗೆಯುವುದು ಇದರಲ್ಲಿ ಸುಲಭದ ಭಾಗ ಅಷ್ಟೇ. ರಿಪೋರ್ಟ್ ಬಂದ ಮೇಲೆ ಏನು ಮಾಡುತ್ತೀರಿ ಎನ್ನುವುದರ ಮೇಲೆ ಟೆಸ್ಟಿನಿಂದ ಉಪಯೋಗ ಆಯಿತೋ ಇಲ್ಲವೋ ಎನ್ನುವುದು ನಿಂತಿದೆ. ಹಾಗಾಗಿ ಎರಡನ್ನೂ ಇಲ್ಲಿ ಹೇಳುತ್ತೇನೆ.

ಈ ಟೆಸ್ಟ್ ಹುಡುಕುವುದು ಏನನ್ನು?

ಕ್ಯಾನ್ಸರನ್ನಲ್ಲ, ವೈರಸ್ಸನ್ನು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಹುತೇಕ ಎಲ್ಲರಲ್ಲೂ ಬರುವುದು ಎಚ್‌ಪಿವಿ ಎಂಬ ವೈರಸ್ ಒಳಗೇ ಉಳಿದುಕೊಳ್ಳುವುದರಿಂದ. ಅದರಲ್ಲಿ ಎಷ್ಟೋ ಬಗೆ ಇವೆ. 16 ಮತ್ತು 18ನೇ ನಂಬರಿನವು ಎರಡೇ ಸೇರಿ ಸುಮಾರು 70 ಶೇಕಡಾ ಕೇಸುಗಳಿಗೆ ಕಾರಣ. ಈ ನಂಟನ್ನು ಕಂಡುಹಿಡಿದದ್ದಕ್ಕೇ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು.

ವೈರಸ್ ಹರಡುವುದು ಲೈಂಗಿಕ ಸಂಪರ್ಕದಿಂದ. ಬಹಳ ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ತಗುಲಿರುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಅಡಗಿಸಿಬಿಡುತ್ತದೆ. ಕೆಲವರಲ್ಲಿ ಮಾತ್ರ ಅದು ಹೋಗುವುದಿಲ್ಲ. ಅಲ್ಲಿಂದ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಲೆಕ್ಕ ಹಾಕಿ ನೋಡಿ: ಅರವತ್ತೈದರಲ್ಲಿ ಕಾಣಿಸಿಕೊಳ್ಳುವ ಕಾಯಿಲೆಯ ವೈರಸ್ ನಲವತ್ತೈದರಲ್ಲೋ, ಅದಕ್ಕೂ ಮೊದಲೋ ಒಳಗೆ ಸೇರಿರಬಹುದು. "ಈಗ ಗಂಡನೇ ಇಲ್ಲ, ನನಗೇನು ಬರುತ್ತದೆ" ಎನ್ನುವ ಮಾತು ನಿಲ್ಲದಿರುವುದು ಇಲ್ಲಿ.

ಪ್ಯಾಪ್ ಸ್ಮಿಯರ್ ಬೇರೆ. ಅದರಲ್ಲಿ ಗರ್ಭಕೋಶದ ಬಾಯಿಯಿಂದಲೇ ಕೆರೆದು ತೆಗೆದ ಜೀವಕೋಶಗಳನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡುತ್ತಾರೆ. ಅದಕ್ಕೆ ಯೋನಿಯೊಳಗೆ ಸ್ಪೆಕ್ಯುಲಮ್ ಎಂಬ ಸಾಧನ ಹಾಕಿ, ಬಾಯಿ ಕಾಣುವಂತೆ ಅಗಲಿಸಲೇಬೇಕು. ಎಚ್‌ಪಿವಿ ಟೆಸ್ಟ್ ಹುಡುಕುವುದು ವೈರಸ್ಸಿನ ಡಿಎನ್‌ಎ. ಅದು ಗರ್ಭಕೋಶದ ಬಾಯಿಯಿಂದ ಉದುರಿ ಕೆಳಗೆ ಯೋನಿಯಲ್ಲೂ ಸಿಗುತ್ತದೆ. ಅದಕ್ಕೇ ನೀವು ಬಾಯಿಯವರೆಗೆ ತಲುಪಬೇಕಾಗಿಯೇ ಇಲ್ಲ. ಆ ಡಿಎನ್‌ಎಯನ್ನು ಎಷ್ಟೋ ಪಟ್ಟು ಹೆಚ್ಚಿಸಿ ಹುಡುಕುವ ಪಿಸಿಆರ್ ವಿಧಾನದ ಟೆಸ್ಟ್ ಆದರೆ, ನೀವು ತೆಗೆದ ಸ್ಯಾಂಪಲ್ಲೂ ಡಾಕ್ಟರ್ ತೆಗೆದದ್ದೂ ಹತ್ತಿರ ಹತ್ತಿರ ಒಂದೇ ಮಟ್ಟದಲ್ಲಿ ಕಾಯಿಲೆ ಹಿಡಿಯುತ್ತವೆ.

ವಯಸ್ಸಾದವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಶುರುವಾಗುವ ಅಂಚು ಮುಟ್ಟು ನಿಂತ ಮೇಲೆ ನಿಧಾನಕ್ಕೆ ಆ ಬಾಯಿಯ ಒಳಗಿನ ನಾಳದೊಳಗೆ ಸರಿದುಬಿಡುತ್ತದೆ. ವಿನೆಗರ್ ಥರದ ದ್ರಾವಣ ಹಚ್ಚಿ ಕಣ್ಣಲ್ಲಿ ನೋಡುವ ಪರೀಕ್ಷೆ ಆಗ ಕೈಕೊಡುತ್ತದೆ. ಕಾಣದ ಜಾಗವನ್ನು ನೋಡುವುದು ಹೇಗೆ? ಪ್ಯಾಪ್ ಸ್ಮಿಯರ್‌ನಲ್ಲಿ ಒಳಗಿನ ಒಣಕಲಿನಿಂದ ಜೀವಕೋಶಗಳ ರೂಪವೇ ಬದಲಾಗಿ ಸುಮ್ನೆ ಗಾಬರಿ ಹುಟ್ಟಿಸುವ ರಿಪೋರ್ಟ್ ಬರುವುದುಂಟು. ವೈರಸ್ ಹುಡುಕುವ ಟೆಸ್ಟಿಗೆ ಈ ಎರಡೂ ತೊಂದರೆ ಕಡಿಮೆ.

ಒಂದು ಮಿತಿ ನೆನಪಿರಲಿ. ಗರ್ಭಕೋಶದ ಒಳಗೋಡೆಯ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಇದರಲ್ಲಿ ಗೊತ್ತಾಗುವುದಿಲ್ಲ.

ನಿಮಗೆ ಇದು ಬೇಕೇ, ಬೇಡವೇ

ಮೊದಲು ಬೇಡದವರನ್ನು ನೋಡೋಣ, ಅದು ಮುಖ್ಯ.

ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡಿದೆಯೇ? ಒಳಉಡುಪಿನ ಮೇಲೆ ಒಂದು ಚುಕ್ಕೆ ಆದರೂ ಸರಿ, ಕಿಟ್ ಪಕ್ಕಕ್ಕಿಡಿ. ನೇರ ಡಾಕ್ಟರ್ ಹತ್ತಿರ ಹೋಗಿ. ಕೆಟ್ಟ ವಾಸನೆಯ ಅಥವಾ ರಕ್ತ ಬೆರೆತ ಬಿಳಿ ಸೆರಗು, ಸಂಪರ್ಕದ ನಂತರ ರಕ್ತ, ಕೆಳಹೊಟ್ಟೆಯಲ್ಲಿ ಬಿಡದ ನೋವು ಇದ್ದರೂ ಅಷ್ಟೇ. ಸ್ಕ್ರೀನಿಂಗ್ ಇರುವುದು ಯಾವ ತೊಂದರೆಯೂ ಇಲ್ಲದವರಿಗೆ. ತೊಂದರೆ ಇರುವವರು ಮನೆಯಲ್ಲಿ ಟೆಸ್ಟ್ ಮಾಡಿ, ನೆಗೆಟಿವ್ ಬಂತೆಂದು ನಿರಾಳವಾಗಿ ಕೂತರೆ ಅದರಷ್ಟು ಅಪಾಯ ಇನ್ನೊಂದಿಲ್ಲ.

ಗರ್ಭಕೋಶ ತೆಗೆಸಿದವರು ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿ ತೆಗೆಯಿರಿ. "ಎಲ್ಲಾ ತೆಗೆದಿದ್ದಾರೆ" ಎಂದು ನಂಬಿಕೊಂಡಿರುವ ಕೆಲವರಲ್ಲಿ ಗರ್ಭಕೋಶ ಮಾತ್ರ ಹೋಗಿ, ಬಾಯಿ ಉಳಿದಿರುತ್ತದೆ. ಉಳಿದಿದ್ದರೆ ಟೆಸ್ಟ್ ಬೇಕು. ಕ್ಯಾನ್ಸರ್ ಅಥವಾ ಅದರ ಮುನ್ಸೂಚನೆಗಾಗಿ ಅಲ್ಲದೆ, ಗಡ್ಡೆಯಂಥ ಬೇರೆ ಕಾರಣಕ್ಕೆ ಬಾಯಿ ಸಮೇತ ತೆಗೆದಿದ್ದರೆ ಬೇಡ. ಚೀಟಿ ಸಿಗದಿದ್ದರೆ ಡಾಕ್ಟರ್ ಒಮ್ಮೆ ನೋಡಿದರೆ ಗೊತ್ತಾಗುತ್ತದೆ.

ಗರ್ಭಕೋಶ ಜಾರಿದವರು, ಅದಕ್ಕೆ ಒಳಗೆ ರಿಂಗ್ ಹಾಕಿಸಿಕೊಂಡವರು ಮೊದಲು ಕೇಳಿಕೊಂಡು ಮಾಡಿ. ರಿಂಗ್ ಬದಲಿಸುವ ದಿನವೇ ಅಲ್ಲಿಯೇ ಸ್ಯಾಂಪಲ್ ಕೊಡುವುದು ಸಲೀಸು. ಹಿಂದೆ ರಿಪೋರ್ಟ್‌ನಲ್ಲಿ ಏನಾದರೂ ಕಂಡು ಚಿಕಿತ್ಸೆ ಪಡೆದವರು ತಮ್ಮ ಡಾಕ್ಟರ್ ಹೇಳಿದ ಕ್ರಮದಲ್ಲೇ ಹೋಗಬೇಕು.

ಇನ್ನು ಬೇಕಾದವರು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಹೀಗೆ: 30 ವರ್ಷದಿಂದ ಶುರು ಮಾಡಿ 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಟೆಸ್ಟ್. 50 ದಾಟಿದ ಮೇಲೆ, ಈ ಅಂತರದಲ್ಲಿ ಸತತ ಎರಡು ಸಲ ನೆಗೆಟಿವ್ ಬಂದಿದ್ದರೆ ನಿಲ್ಲಿಸಬಹುದು. ಎಚ್‌ಐವಿ ಇರುವವರಿಗೆ 25ರಿಂದಲೇ ಶುರು, 3ರಿಂದ 5 ವರ್ಷಕ್ಕೊಮ್ಮೆ. ಸ್ಯಾಂಪಲನ್ನು ಸ್ವತಃ ತೆಗೆದುಕೊಟ್ಟರೂ ಸರಿ ಎಂದು ಅದರಲ್ಲೇ ಇದೆ.

ಈ ನಿಯಮವನ್ನು ನಿಧಾನಕ್ಕೆ ಓದಿ. ಐವತ್ತಾಯಿತು, ಮುಗಿಯಿತು ಎಂದು ಅದು ಹೇಳುತ್ತಿಲ್ಲ. ಎರಡು ನೆಗೆಟಿವ್ ಕೈಯಲ್ಲಿ ಇರಬೇಕು ಎನ್ನುತ್ತಿದೆ. ಜೀವನದಲ್ಲಿ ಒಮ್ಮೆಯೂ ಟೆಸ್ಟ್ ಮಾಡಿಸದ ಐವತ್ತೆಂಟರ ಹೆಂಗಸಿನ ಬಳಿ ಅದು ಇಲ್ಲ, ಅಲ್ವಾ? ಮುಂದಿನ ಚಿಕಿತ್ಸೆಗೆ ಅನುಕೂಲ ಇರುವ ಕಡೆ, 50ರಿಂದ 65ರೊಳಗಿನ ಇಂಥವರಿಗೂ ಆದ್ಯತೆ ಕೊಡಿ ಎಂದು ಸಂಸ್ಥೆ ಹೇಳಿದೆ. ದೇಶದಿಂದ ದೇಶಕ್ಕೆ ಕೊನೆಯ ವಯಸ್ಸು ಬೇರೆ. ಆಸ್ಟ್ರೇಲಿಯಾದಲ್ಲಿ 74ರವರೆಗೆ ಕರೆಯುತ್ತಾರೆ, ಇಂಗ್ಲೆಂಡಿನಲ್ಲಿ 64. ಅಮೆರಿಕದಲ್ಲಿ 65ಕ್ಕೆ ನಿಲ್ಲಿಸಬಹುದು, ಅದೂ ಹಿಂದಿನ ಟೆಸ್ಟ್‌ಗಳು ಸರಿಯಾಗಿ ಆಗಿದ್ದರೆ ಮಾತ್ರ. ನನ್ನ ಕೇಳಿದರೆ, ವಯಸ್ಸಿಗಿಂತ ಹಳೆಯ ರಿಪೋರ್ಟಿನ ಫೈಲೇ ಇಲ್ಲಿ ಹೆಚ್ಚು ಮಾತಾಡುತ್ತದೆ.

ಕಿಟ್ ತೆಗೆದುಕೊಳ್ಳುವ ಮೊದಲು

ಮನೆಯಲ್ಲಿ ಸ್ಯಾಂಪಲ್ ತೆಗೆಯುವುದು ಯಾರೋ ನಿನ್ನೆ ಮೊನ್ನೆ ಹುಟ್ಟುಹಾಕಿದ ಪ್ರಯೋಗ ಏನಲ್ಲ. ನೆದರ್‌ಲ್ಯಾಂಡ್ಸ್ 2017ರಿಂದಲೇ ತನ್ನ ಸರ್ಕಾರಿ ಸ್ಕ್ರೀನಿಂಗ್‌ನಲ್ಲಿ ಇದಕ್ಕೆ ಅವಕಾಶ ಕೊಟ್ಟಿದೆ. ಆಸ್ಟ್ರೇಲಿಯಾ 2022ರ ಜುಲೈನಿಂದ ಸ್ವತಃ ಸ್ಯಾಂಪಲ್ ತೆಗೆಯುವ ಆಯ್ಕೆಯನ್ನು ಎಲ್ಲರಿಗೂ ತೆರೆಯಿತು. ಅಮೆರಿಕದಲ್ಲಿ 2024ರಲ್ಲಿ ಕ್ಲಿನಿಕ್ಕಿನೊಳಗೆ ಸ್ವತಃ ತೆಗೆಯುವುದಕ್ಕೆ, 2025ರಲ್ಲಿ ಮನೆಯ ಕಿಟ್‌ಗೆ ಒಪ್ಪಿಗೆ ಸಿಕ್ಕಿತು.

ಹಾಗೆಂದು ಕಣ್ಣಿಗೆ ಬಿದ್ದ ಕಿಟ್ಟೆಲ್ಲ ಒಂದೇ ಅಲ್ಲ. ಕೊಡುವವರನ್ನು ಹೀಗೆ ಕೇಳಿ: ಈ ಬ್ರಷ್ ಅಥವಾ ಸ್ವಾಬ್‌ನಿಂದ ಸ್ವತಃ ತೆಗೆದ ಸ್ಯಾಂಪಲ್ಲಿಗೆ ನಿಮ್ಮ ಲ್ಯಾಬಿನ ಟೆಸ್ಟ್ ಒಪ್ಪಿಗೆ ಪಡೆದಿದೆಯೇ? ರಿಪೋರ್ಟ್‌ನಲ್ಲಿ 16, 18 ಬೇರೆಯಾಗಿ ಬರುತ್ತವೆಯೇ? ಸ್ಯಾಂಪಲ್ ಸರಿಹೋಗದಿದ್ದರೆ ಇನ್ನೊಂದು ಕಿಟ್ ಕೊಡುತ್ತೀರಾ? ಎಲ್ಲಕ್ಕಿಂತ ಮುಖ್ಯ, ಪಾಸಿಟಿವ್ ಬಂದರೆ ನನ್ನನ್ನು ಯಾರು ನೋಡುತ್ತಾರೆ? ಈ ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಬರದಿದ್ದರೆ ಆ ಕಿಟ್ ಬೇಡ. ಇಲ್ಲವೇ ನೀವೇ ಮೊದಲು ಒಬ್ಬ ಸ್ತ್ರೀರೋಗ ತಜ್ಞರನ್ನು ಗೊತ್ತುಮಾಡಿಕೊಂಡು ನಂತರ ಕಿಟ್ ತರಿಸಿ.

ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಇದಕ್ಕೆ ಬಳಸಬೇಡಿ. ಕಿಟ್ಟಿನ ಮೇಲಿನ ಎಕ್ಸ್‌ಪೈರಿ ತಾರೀಕು ನೋಡಿ.

ಎರಡು ದಿನ ಮೊದಲು

ಸ್ಯಾಂಪಲ್ ತೆಗೆಯುವ ಹಿಂದಿನ ಎರಡು ದಿನ ಯೋನಿಯೊಳಗೆ ಕ್ರೀಮ್, ಜೆಲ್, ಮಾತ್ರೆ ಯಾವುದೂ ಬೇಡ. ಒಳಗೆ ನೀರು ಹಾಯಿಸಿ ತೊಳೆಯುವುದೂ ಬೇಡ, ಸಂಪರ್ಕವೂ ಬೇಡ. ಒಣಕಲಿಗೆ ಡಾಕ್ಟರ್ ಈಸ್ಟ್ರೋಜನ್ ಕ್ರೀಮ್ ಬರೆದುಕೊಟ್ಟಿದ್ದರೆ ಎಷ್ಟು ದಿನ ನಿಲ್ಲಿಸಬೇಕು ಎಂದು ಅವರನ್ನೇ ಕೇಳಿ. ಒಣಕಲು ಜಾಸ್ತಿ ಇದ್ದು, ಮುಟ್ಟಿದರೇ ಉರಿಯುತ್ತದೆ ಎನ್ನುವವರು ಮೊದಲು ಅದಕ್ಕೆ ಚಿಕಿತ್ಸೆ ತೆಗೆದುಕೊಂಡು, ಕೆಲವು ವಾರ ಬಿಟ್ಟು ಟೆಸ್ಟ್ ಮಾಡಿದರೆ ಏನೂ ತಪ್ಪಿಹೋಗುವುದಿಲ್ಲ.

ಕಿಟ್ ಜೊತೆ ಬರುವ ಚೀಟಿಯ ಅಕ್ಷರಗಳೋ, ಇರುವೆ ಸಾಲಿನ ಹಾಗೆ. ಕನ್ನಡಕ ಹಾಕಿಕೊಂಡು ಹಿಂದಿನ ದಿನವೇ ಓದಿಟ್ಟುಕೊಳ್ಳಿ, ಇಲ್ಲವೇ ಮಗಳ ಕೈಲೋ ಸೊಸೆಯ ಕೈಲೋ ಜೋರಾಗಿ ಓದಿಸಿ. ಒಂದೊಂದು ಕಂಪನಿಯ ಬ್ರಷ್ ಒಂದೊಂದು ಥರ. ಕೆಳಗೆ ನಾನು ಹೇಳುವುದಕ್ಕೂ ಚೀಟಿಗೂ ವ್ಯತ್ಯಾಸ ಕಂಡರೆ ಚೀಟಿಯನ್ನೇ ನಂಬಿ.

ಸ್ಯಾಂಪಲ್ ತೆಗೆಯುವ ಕ್ರಮ

1. ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಕೈಯನ್ನು ಸೋಪು ಹಾಕಿ ತೊಳೆದು ಪೂರ್ತಿ ಒರೆಸಿಕೊಳ್ಳಿ.

2. ಟ್ಯೂಬಿನ ಮೇಲೆ ಹೆಸರು, ಹುಟ್ಟಿದ ದಿನ, ಇವತ್ತಿನ ತಾರೀಕು ಈಗಲೇ ಬರೆಯಿರಿ. ಆಮೇಲೆ ಬರೆದರಾಯಿತು ಎಂದು ಬಿಟ್ಟರೆ ಮರೆಯುತ್ತದೆ. ಹೆಸರಿಲ್ಲದ ಟ್ಯೂಬನ್ನು ಲ್ಯಾಬಿನವರು ಟೆಸ್ಟೇ ಮಾಡದೆ ಪಕ್ಕಕ್ಕಿಡಬಹುದು.

3. ಎಲ್ಲ ಸಾಮಾನು ಕೈಗೆ ಸಿಗುವ ಹಾಗೆ ಒಂದು ಶುಚಿಯಾದ ಬಟ್ಟೆಯ ಮೇಲೆ ಜೋಡಿಸಿ. ಟ್ಯೂಬಿನಲ್ಲಿ ದ್ರವ ಇದ್ದರೆ ನೇರ ನಿಲ್ಲಿಸಿ, ಚೆಲ್ಲಬೇಡಿ, ಕುಡಿಯುವ ವಸ್ತುಗಳಿಂದ ದೂರ ಇಡಿ. ಕೆಲವು ದ್ರವ ವಿಷದ್ದು, ಬೆಂಕಿಯೂ ಹತ್ತುತ್ತದೆ. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಜೋಪಾನ.

4. ನಿಮಗೆ ಯಾವ ಭಂಗಿ ಸುಲಭವೋ ಅದು. ಚೀಟಿಯ ಚಿತ್ರದಲ್ಲಿ ಹೆಚ್ಚಾಗಿ ಒಂದು ಕಾಲು ಸ್ಟೂಲಿನ ಮೇಲಿಟ್ಟು ನಿಂತ ಹೆಂಗಸು ಇರುತ್ತಾಳೆ. ಮಂಡಿನೋವು ಇರುವವರಿಗೆ, ತಲೆ ಸುತ್ತುವವರಿಗೆ ಅದು ಬೇಡವೇ ಬೇಡ. ಬೀಳುವ ಅಪಾಯಕ್ಕೆ ಯಾಕೆ ಕೈ ಹಾಕಬೇಕು? ಮಂಚದ ಮೇಲೆ ಬೆನ್ನಿನ ಮೇಲೆ ಮಲಗಿ, ಸೊಂಟದ ಕೆಳಗೆ ತೆಳು ದಿಂಬಿಟ್ಟು, ಮಂಡಿ ಮಡಚಿ ಕಾಲು ಅಗಲಿಸಿದರೆ ಸಾಕು. ಒಂದು ಮಗ್ಗುಲಿಗೆ ಮಲಗಿಯೂ ಮಾಡಬಹುದು.

5. ಸ್ವಾಬ್ ಹೊರಗೆ ತೆಗೆಯಿರಿ. ತುದಿಯನ್ನು ಮುಟ್ಟಬೇಡಿ, ಎಲ್ಲಿಯೂ ಇಡಬೇಡಿ. ನೆಲಕ್ಕೆ ಬಿದ್ದರೆ ಅದನ್ನು ಬಿಟ್ಟು ಹೊಸ ಕಿಟ್ ಕೇಳಿ. ಎಣ್ಣೆ, ವ್ಯಾಸಲಿನ್, ಜೆಲ್ ಹಚ್ಚಬೇಡಿ, ಟೆಸ್ಟ್ ಕೆಡಬಹುದು.

6. ಒಂದು ಕೈಯ ಬೆರಳುಗಳಿಂದ ಯೋನಿಯ ತುಟಿಗಳನ್ನು ಬಿಡಿಸಿಕೊಳ್ಳಿ. ದಾರಿ ಮೂತ್ರದ ರಂಧ್ರದ ಹಿಂದೆ, ಮಲದ್ವಾರದ ಮುಂದೆ ಇರುತ್ತದೆ. ಗೊಂದಲ ಆದರೆ ಕೈಗನ್ನಡಿ ಹಿಡಿದು ನೋಡಿ, ಇಲ್ಲವೇ ಮೊದಲು ತೊಳೆದ ಬೆರಳಿನಿಂದ ಹುಡುಕಿಕೊಳ್ಳಿ. ಮಕ್ಕಳನ್ನು ಹೆತ್ತವರೂ ತಮ್ಮ ಈ ಜಾಗವನ್ನು ಒಮ್ಮೆಯೂ ನೋಡಿಕೊಂಡಿರುವುದಿಲ್ಲ, ಇದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ.

7. ಸ್ವಾಬನ್ನು ನಿಧಾನಕ್ಕೆ ಒಳಗೆ ತಳ್ಳಿ. ನೇರ ಮೇಲಕ್ಕಲ್ಲ, ಸೊಂಟದ ಹಿಂಭಾಗದ ಕಡೆಗೆ. ದಾರಿ ಇರುವುದೇ ಆ ಓರೆಯಲ್ಲಿ. ಮೇಲಕ್ಕೆ ತಳ್ಳಿದರೆ ಗೋಡೆಗೆ ತಾಗಿ ನೋಯುತ್ತದೆ, ಆಮೇಲೆ "ನನ್ನ ಕೈಲಿ ಆಗಲ್ಲ" ಎಂದು ಬಿಟ್ಟುಬಿಡುತ್ತೀರಿ. ಎಷ್ಟು ಒಳಗೆ? ಸುಮಾರು 5 ಸೆಂಟಿಮೀಟರ್, ಅಂದರೆ ನಡುಬೆರಳಿನ ಎರಡು ಗೆಣ್ಣಿನಷ್ಟು. ಹಲವು ಕಡ್ಡಿಗಳ ಮೇಲೆ ಗೆರೆಯೇ ಇರುತ್ತದೆ. ಬಿಗಿ ಅನಿಸಿದರೆ ನಿಲ್ಲಿಸಿ, ಉದ್ದಕ್ಕೆ ಉಸಿರು ಬಿಡಿ. ಉಸಿರು ಬಿಡುವಾಗ ಅಲ್ಲಿನ ಸ್ನಾಯು ಸಡಿಲವಾಗುತ್ತದೆ, ಆಗ ಮುಂದಕ್ಕೆ ಸರಿಸಿ. ಬಲವಂತ ಬೇಡ.

8. ಅಲ್ಲೇ ತಿರುಗಿಸಿ. ಸ್ವಾಬ್ ಆದರೆ 10ರಿಂದ 30 ಸೆಕೆಂಡ್, ಪಕ್ಕದ ಗೋಡೆಗೆ ತಾಗುವ ಹಾಗೆ. ಬ್ರಷ್ ಆದರೆ ಚೀಟಿಯಲ್ಲಿ ಇಷ್ಟು ಸುತ್ತು ಎಂದು ಬರೆದಿರುತ್ತದೆ.

9. ಹೊರಗೆ ತೆಗೆದು, ತುದಿ ಎಲ್ಲಿಯೂ ತಾಗದಂತೆ ನೇರ ಟ್ಯೂಬಿಗೆ. ಕೆಲವು ಕಿಟ್‌ನಲ್ಲಿ ಕಡ್ಡಿಯನ್ನು ಗೆರೆಯ ಹತ್ತಿರ ಮುರಿಯಬೇಕು, ಕೆಲವಲ್ಲಿ ದ್ರವದಲ್ಲಿ ಅಲುಗಾಡಿಸಿ ಹೊರತೆಗೆಯಬೇಕು. ಮುಚ್ಚಳ ಬಿಗಿಯಾಗಿ ಹಾಕಿ. ಕೈ ತೊಳೆಯಿರಿ.

"ಒಳಗೇ ಸಿಕ್ಕಿಕೊಂಡುಬಿಟ್ಟರೆ?" ಎಂಬ ಭಯ ಕೆಲವರಿಗೆ. ಯೋನಿ ಒಳತುದಿಯಲ್ಲಿ ಮುಚ್ಚಿದ ಚೀಲ. ಕಡ್ಡಿ ಅಲ್ಲಿಂದ ಹೊಟ್ಟೆಗೆ ಹೋಗುವ ಮಾತೇ ಇಲ್ಲ, ಬಾಲ ನಿಮ್ಮ ಕೈಯಲ್ಲೇ ಇರುತ್ತದೆ.

ಬೆರಳು ಸೆಟೆದುಕೊಂಡವರಿಗೆ, ಕೈ ನಡುಗುವವರಿಗೆ ಮುಚ್ಚಳ ತಿರುಗಿಸುವುದೇ ಕಷ್ಟ. ಮನೆಯವರು ಮುಚ್ಚಳ ತೆಗೆದು, ಟ್ಯೂಬ್ ಹಿಡಿದುಕೊಂಡರೆ ಸಾಕಾಗುತ್ತದೆ. ಕಡ್ಡಿಯ ಹಿಡಿಗೆ ಸ್ವಲ್ಪ ಬಟ್ಟೆ ಸುತ್ತಿದರೆ ಹಿಡಿತ ಬರುತ್ತದೆ. ಅದೂ ಆಗದಿದ್ದರೆ ನರ್ಸಮ್ಮನ ಕೈಲಿ ಇದೇ ಸ್ವಾಬನ್ನು ಸ್ಪೆಕ್ಯುಲಮ್ ಇಲ್ಲದೆ ಹಾಕಿಸಿಕೊಳ್ಳಬಹುದೇ ಎಂದು ಕೇಳಿ. ಮರೆವಿನ ಕಾಯಿಲೆ ಇರುವ ತಾಯಿಗೆ ಅವರ ಮನಸ್ಸಿಗೆ ವಿರುದ್ಧವಾಗಿ ಮಾಡಲು ಮಾತ್ರ ಹೋಗಬೇಡಿ.

ತೆಗೆದ ಮೇಲೆ

ಟ್ಯೂಬನ್ನು ಚೀಲಕ್ಕೆ ಹಾಕಿ, ಸಾಧ್ಯವಾದರೆ ಅದೇ ದಿನ ಕಳಿಸಿ. ಬಿಸಿಲಿಗೆ ಬಿದ್ದ ಕಿಟಕಿಯ ಮೇಲೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಫ್ರಿಜ್ಜಿನಲ್ಲಿ ಇಡಬೇಕೇ ಬೇಡವೇ ಎನ್ನುವುದು ಕಿಟ್ ಮೇಲೆ ಹೋಗುತ್ತದೆ.

ಒಂದೆರಡು ಹನಿ ಗುಲಾಬಿ ಬಣ್ಣದ ರಕ್ತ ಕಾಣಬಹುದು, ತೆಳುವಾದ ಚರ್ಮಕ್ಕೆ ಕಡ್ಡಿ ತಾಗಿದ್ದರಿಂದ. ಅಂದಿಗೇ ನಿಂತರೆ ಚಿಂತೆ ಇಲ್ಲ. ಮರುದಿನವೂ ಇದ್ದರೆ, ಜಾಸ್ತಿ ಹೋದರೆ, ಅಥವಾ ಸ್ವಾಬ್ ಕೆಂಪಗೇ ಹೊರಬಂದಿದ್ದರೆ ರಿಪೋರ್ಟ್‌ಗೆ ಕಾಯದೆ ತೋರಿಸಿ.

ರಿಪೋರ್ಟ್ ಬಂತು

ನೆಗೆಟಿವ್ ಎಂದರೆ ಅಪಾಯದ ವೈರಸ್ ಸಿಕ್ಕಿಲ್ಲ. ಮುಂದಿನ ಟೆಸ್ಟ್ ಯಾವಾಗ ಎಂದು ಕೇಳಿ, ತಾರೀಕು ಬರೆದಿಡಿ. ನಡುವೆ ರಕ್ತ ಕಂಡರೆ ಮಾತ್ರ "ನೆಗೆಟಿವ್ ಬಂದಿತ್ತಲ್ಲ" ಎಂದು ಸುಮ್ಮನಿರಬೇಡಿ.

ಇನ್‌ವ್ಯಾಲಿಡ್ ಎಂದು ಬಂದರೆ ಸ್ಯಾಂಪಲ್ ಸಾಲಲಿಲ್ಲ ಅಥವಾ ಕೆಟ್ಟಿತು ಎಂದರ್ಥ. ಹಲವು ಟೆಸ್ಟ್‌ಗಳಲ್ಲಿ ಮನುಷ್ಯರ ಜೀವಕೋಶ ಸಾಕಷ್ಟು ಬಂದಿದೆಯೇ ಎಂದು ಮೆಷಿನ್ನೇ ನೋಡಿಕೊಳ್ಳುತ್ತದೆ. ಇದು ಕಾಯಿಲೆಯ ಸೂಚನೆ ಅಲ್ಲ. ಮತ್ತೊಮ್ಮೆ ತೆಗೆದರಾಯಿತು.

ಪಾಸಿಟಿವ್ ಬಂದ ರಾತ್ರಿ ನಿದ್ದೆ ಬರುವುದಿಲ್ಲ, ಅದು ಸಹಜ. ಆದರೆ ಪಾಸಿಟಿವ್ ಬಂದ ಹೆಚ್ಚಿನವರಲ್ಲಿ ಕ್ಯಾನ್ಸರ್ ಇರುವುದಿಲ್ಲ. ವೈರಸ್ ಇದೆ, ಅದು ಏನಾದರೂ ಮಾಡಿದೆಯೇ ಎಂದು ನೋಡಬೇಕು, ಅಷ್ಟೇ. 16 ಅಥವಾ 18 ಎಂದಿದ್ದರೆ ಸಾಮಾನ್ಯವಾಗಿ ನೇರ ಕಾಲ್ಪೊಸ್ಕೋಪಿಗೆ ಕಳಿಸುತ್ತಾರೆ. ದೊಡ್ಡದಾಗಿ ಕಾಣುವ ಲೆನ್ಸ್ ಇಟ್ಟು ಗರ್ಭಕೋಶದ ಬಾಯಿಯನ್ನು ನೋಡುವುದು ಅದು. ಬೇರೆ ಬಗೆ ಆದರೆ ಹಲವು ಕಡೆ ಮೊದಲು ಪ್ಯಾಪ್ ಸ್ಮಿಯರ್ ಮಾಡುತ್ತಾರೆ. ನೀವು ಕಳಿಸಿದ ಸ್ವಾಬಿನಿಂದ ಜೀವಕೋಶ ನೋಡಲಾಗುವುದಿಲ್ಲ, ಹಾಗಾಗಿ ಈ ಸಲ ಡಾಕ್ಟರೇ ತೆಗೆಯಬೇಕು. ಸ್ಪೆಕ್ಯುಲಮ್ ತಪ್ಪಿಸಿಕೊಳ್ಳಲೆಂದೇ ಮನೆಯಲ್ಲಿ ಟೆಸ್ಟ್ ಮಾಡಿದವರು ಇಲ್ಲಿಯೇ ಹಿಂದೆ ಸರಿಯುವುದು. ಸಣ್ಣ ಅಳತೆಯ ಸ್ಪೆಕ್ಯುಲಮ್ ಬಳಸಿ ಎಂದು ಬಾಯಿಬಿಟ್ಟು ಕೇಳಿ. ಮುಂಚೆ ಕೆಲವು ವಾರ ಈಸ್ಟ್ರೋಜನ್ ಕ್ರೀಮ್ ಹಚ್ಚಿದರೆ ನೋವೂ ಕಡಿಮೆ, ನೋಟವೂ ಚೆನ್ನಾಗಿ ಸಿಗುತ್ತದೆ. ಅದು ನಿಮಗೆ ಸರಿಯೇ ಎಂದು ಡಾಕ್ಟರ್ ಹೇಳಬೇಕು, ಸ್ತನ ಕ್ಯಾನ್ಸರ್ ಆಗಿದ್ದವರಂತೂ ಕೇಳದೆ ಹಚ್ಚಲೇಬಾರದು.

ಪಾಸಿಟಿವ್ ಚೀಟಿ ಕೈಗೆ ಬಂದ ಮೇಲೆ ಮನೆಯಲ್ಲಿ ಎದ್ದೇಳುವ ಇನ್ನೊಂದು ಬಿರುಗಾಳಿ ಇದೆ: ಯಾರಿಂದ ಬಂತು? ಗಂಡನ ಮೇಲೋ ಹೆಂಡತಿಯ ಮೇಲೋ ಅನುಮಾನ. ಈ ವೈರಸ್ ದಶಕಗಳ ಕಾಲ ಸದ್ದಿಲ್ಲದೆ ಇದ್ದು, ವಯಸ್ಸಾಗಿ ದೇಹದ ಶಕ್ತಿ ಕುಗ್ಗಿದಾಗ ಮತ್ತೆ ಟೆಸ್ಟಿನಲ್ಲಿ ಕಾಣಬಹುದು. ಯಾವಾಗ, ಯಾರಿಂದ ಬಂತೆಂದು ಯಾವ ಲ್ಯಾಬೂ ಹೇಳಲಾರದು. ಈ ಒಂದು ವಿಷಯ ಗೊತ್ತಿಲ್ಲದೆ ರಿಪೋರ್ಟನ್ನು ಬೀರುವಿನಲ್ಲಿ ಬಚ್ಚಿಟ್ಟು ಕೂತರೆ, ಚಿಕಿತ್ಸೆಗೆ ಸಿಗುತ್ತಿದ್ದ ಸಮಯವೇ ಕೈತಪ್ಪಬಹುದು.

ಕಾಲ್ಪೊಸ್ಕೋಪಿಯಲ್ಲಿ ಅನುಮಾನದ ಜಾಗ ಕಂಡರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಅಂಚು ಒಳಗೆ ಸರಿದಿರುವ ವಯಸ್ಸಾದವರಲ್ಲಿ ನಾಳದ ಒಳಗಿನಿಂದಲೂ ಸ್ವಲ್ಪ ಕೆರೆದು ನೋಡಬೇಕಾಗಬಹುದು. ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಸಿಕ್ಕರೆ ಆ ಭಾಗವನ್ನು ಬಿಸಿಯಿಂದ ಸುಡುವುದು ಅಥವಾ ವಿದ್ಯುತ್ ತಂತಿಯಿಂದ ಕತ್ತರಿಸಿ ತೆಗೆಯುವುದು ರೂಢಿ. ಒಳಗೆ ಸರಿದ ಅಂಚಿಗೆ ಸುಡುವುದು ಆಗುವುದಿಲ್ಲ, ಕತ್ತರಿಸಿ ತೆಗೆಯುವುದೇ. ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ. ಹೀಗೆ ಚಿಕಿತ್ಸೆ ಆದವರು 12 ತಿಂಗಳಿಗೆ ಮತ್ತೆ ಎಚ್‌ಪಿವಿ ಟೆಸ್ಟ್ ಮಾಡಿಸಬೇಕು, ವಯಸ್ಸು ಎಷ್ಟೇ ಆಗಿರಲಿ. ಬಯಾಪ್ಸಿ ರಿಪೋರ್ಟಿನ ಒಂದು ಪ್ರತಿ ನಿಮ್ಮ ಹತ್ತಿರ, ಇನ್ನೊಂದು ಮಗಳ ಫೋನಿನಲ್ಲಿ ಫೋಟೋ ಆಗಿ ಇರಲಿ. ಮುಂದಿನ ಸಲ ನೋಡುವ ಡಾಕ್ಟರ್ ಮೊದಲು ಕೇಳುವುದು ಅದನ್ನೇ.